ಮಲಾಡಿನಲ್ಲಿ ಇಳಿದ ಲೋಕದ ಕುಣಿತ

ನಾನು ಮಲಾಡಿನ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ವಾರಕ್ಕೊಂದು ಪೀರಿಯಡ್ ಬೇರೆ ಬೇರೆ ದೇಶಗಳ ಹಾಡು, ಕುಣಿತ ಕಲಿಸುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮನೆಯವರು. ಅವರಲ್ಲೂ ಪಾಸ್‌ಪೋರ್ಟ್ ಇಲ್ಲ, ನನ್ನಲ್ಲೂ ಇಲ್ಲ. ಹೀಗಿರುವ ನಾವು ಲೋಕ ಸುತ್ತಲು ಹೊರಟರೆ ಏನಾದರೊಂದು ಎಡವಟ್ಟಾಗದ ವಾರವೇ ಇಲ್ಲ.

ಡೋಲಿನ ಪ್ರಯಾಣ

ಮೊದಲ ಪಾಠ ಆಫ್ರಿಕಾದ್ದು. ಗೆಳತಿಯಿಂದ ಕೇಳಿ ತಂದ ದೊಡ್ಡ ಆಫ್ರಿಕನ್ ಡೋಲನ್ನು ತಬ್ಬಿಕೊಂಡು ಬೆಳಿಗ್ಗೆ ಗ್ರಾಂಟ್ ರೋಡಿನಲ್ಲಿ ಬೋರಿವಲಿಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆ.

"ಯೇ ಕ್ಯಾ ಹೈ?" ಎಂದರು ತಲೆ ಬಾಚಿಕೊಳ್ಳುತ್ತಿದ್ದ ಒಬ್ಬ ಹೆಂಗಸು. ಹೇಳಿದೆ. ಬಾಚಣಿಗೆ ಬದಿಗಿಟ್ಟು ಒಂದು ಏಟು ಹೊಡೆದು ನೋಡಿದರು. ಬಾಂದ್ರಾ ಬರುವಷ್ಟರಲ್ಲಿ ಇಡೀ ಡಬ್ಬಿ ಭಜನೆಗೆ ಇಳಿದಿತ್ತು. ಡೋಲು ಕೈಯಿಂದ ಕೈಗೆ ದಾಟಿ ಎಲ್ಲೋ ಆಚೆ ಕಿಟಕಿಯ ಹತ್ತಿರ ಮೊಳಗುತ್ತಿತ್ತು.

ಮಲಾಡ್ ಹತ್ತಿರವಾದಾಗ ಹೆಡ್‌ಮೇಡಂ ಫೋನು. "ಎಲ್ಲಿದ್ದೀರಿ? ಮಕ್ಕಳು ಕಾಯ್ತಿದ್ದಾರೆ."

"ನಾನು ಇಳೀಬಹುದು ಮೇಡಂ. ಆದರೆ ಆಫ್ರಿಕಾವನ್ನು ಬೋರಿವಲಿ ತನಕ ಬಿಡೋದಿಲ್ವಂತೆ."

ಆಡದ ಕೈ

ಐರ್ಲೆಂಡಿನ ಕುಣಿತದ ವಿಡಿಯೋ ತೋರಿಸಿದೆ. ಪಾದಗಳು ಮಿಂಚಿನ ಹಾಗೆ ಓಡುತ್ತವೆ. ಕೈಗಳು ಮಾತ್ರ ಮೈಗೆ ಅಂಟಿಕೊಂಡಿರುತ್ತವೆ, ಕತ್ತು ಕೂಡ ಅಲುಗಾಡುವುದಿಲ್ಲ.

"ಟೀಚರ್, ಅವ್ರು ಕೈ ಯಾಕ ಆಡ್ಸಂಗಿಲ್ರಿ?" ಎಂದಳು ಒಬ್ಬ ಹುಡುಗಿ.

ನನಗೂ ಸರಿಯಾಗಿ ಗೊತ್ತಿರಲಿಲ್ಲ. ಏನೋ ಹೇಳಿ ಜಾರಿಕೊಳ್ಳಬೇಕು ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಸಂಜಿ ಲೋಕಲ್‌ನಾಗ ನಿಂತು ಕಲ್ತಿರ್ತಾರಲೇ!"

ಹವಾಯಿಯ ಮೌನ

ಹವಾಯಿ ದ್ವೀಪದ ಹುಲಾ ನೃತ್ಯದಲ್ಲಿ ಕೈಗಳೇ ಕಥೆ ಹೇಳುತ್ತವೆ. ಹೀಗೆ ಅಲುಗಿಸಿದರೆ ಅಲೆ, ಹಾಗೆ ಎತ್ತಿದರೆ ಚಂದ್ರ. ಮಕ್ಕಳಿಗೆ ಅದು ಬಹಳ ಹಿಡಿಸಿತು.

ಮಾರನೆ ದಿನ ಒಬ್ಬ ತಾಯಿ ಸೀದಾ ತರಗತಿಗೇ ಬಂದರು. "ಏನ್ ಕಲಿಸೀರಿ ಟೀಚರ್? ನಿನ್ನಿ ಸಂಜಿಯಿಂದ ಮಗಳು ಬಾಯೇ ಬಿಚ್ಚವಲ್ಲಳು. ಚಾ ಬೇಕಂದ್ರೂ ಸೊಂಟ ತಿರುಗಿಸ್ತಾಳ, ರೊಟ್ಟಿ ಬೇಕಂದ್ರೂ ಕೈ ತಿರುಗಿಸ್ತಾಳ!"

ನಾನು ಕ್ಷಮೆ ಕೇಳಿ, ಇನ್ನು ನಿಲ್ಲಿಸುತ್ತೇನೆ ಎಂದೆ.

"ಅಯ್ಯ, ನಿಲ್ಲಿಸಬ್ಯಾಡ್ರೀ!" ಎಂದರು ಆಕೆ ಗಾಬರಿಯಿಂದ. "ಮನಿ ಎಷ್ಟ್ ತಣ್ಣಗೈತಿ! ಅವ್ರಪ್ಪಗೂ ಸ್ವಲ್ಪ ಕಲಿಸ್ತೀರೇನ್ರಿ?"

ಗ್ರೀಸಿನ ಗಾಯಕ

ಶಾಲೆಯ ಟ್ರಸ್ಟಿಗಳು ಒಬ್ಬ ವಯಸ್ಸಾದ ಗುಜರಾತಿ. "ಈ ಪೀರಿಯಡ್ ತೆಗೆದು ಗಣಿತಕ್ಕೆ ಕೊಡೋಣ" ಎಂಬ ಯೋಚನೆ ಅವರಿಗೆ. ವಾರ್ಷಿಕೋತ್ಸವ ನೋಡಿ ತೀರ್ಮಾನಿಸುವುದು ಎಂದಾಯಿತು. ಎಲ್ಲರೂ ಕೈಕೈ ಹಿಡಿದು ಆಡುವ ಗ್ರೀಸಿನ ಕುಣಿತ ಆರಿಸಿದೆ. "ಏನೇ ಆದರೂ ನಿಲ್ಲಿಸಬೇಡಿ" ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದ್ದೆ.

ಹಾಡು ಬರುತ್ತಿದ್ದುದು ನನ್ನ ಮೊಬೈಲಿನಿಂದ, ಬ್ಲೂಟೂತ್ ಸ್ಪೀಕರಿಗೆ. ಕುಣಿತ ಅರ್ಧಕ್ಕೆ ಬಂದಾಗ ಫೋನು ಬಂತು. ಮೊಬೈಲು ನೋಡಿಕೊಳ್ಳುತ್ತಿದ್ದ ಪಿ.ಟಿ. ಮಾಸ್ತರರು ಕಟ್ ಮಾಡಲು ಹೋಗಿ ಗಡಿಬಿಡಿಯಲ್ಲಿ ಹಸಿರು ಗುಂಡಿಯನ್ನೇ ಒತ್ತಿದರು. ಹಾಲ್ ತುಂಬ ನನ್ನ ಗಂಡನ ದನಿ:

"ಮಾರಾಯ್ತೀ... ಬೇಳೆಗೆ ಎಷ್ಟು ವಿಶಲ್?"

ಹಾಡು ನಿಂತಿತು. ಮಕ್ಕಳು ಮಾತ್ರ ನಿಲ್ಲಲಿಲ್ಲ.

"ಹಲೋ... ಹಲೋ... ಕೇಳ್ತದಾ?... ಓ, ಒಂದು ಕೂಗಿತು!" ಹಿಂದೆಯೇ ಕುಕ್ಕರಿನ ಸೀಟಿ. ಮಕ್ಕಳು ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿ ತಿರುಗಿದರು. "ಇಗಾ, ಎರಡಾಯ್ತು!" ಮತ್ತೆ ಸೀಟಿ, ಮತ್ತೆ ಚಪ್ಪಾಳೆ. ಕನ್ನಡ ಬಲ್ಲ ತಂದೆತಾಯಂದಿರು ಸೆರಗು, ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದರು. "ಇಳಿಸ್ಲಾ ಮಾರಾಯ್ತೀ... ಇಳಿಸ್ಲಾ...?" ಎಂದು ಗಂಡ ಗೋಗರೆಯುತ್ತಿದ್ದಂತೆ ಪಿ.ಟಿ. ಮಾಸ್ತರರಿಗೆ ಕೆಂಪು ಗುಂಡಿ ಸಿಕ್ಕಿತು. ಮಕ್ಕಳು ನಮಸ್ಕರಿಸಿ ಇಳಿದರು.

ಟ್ರಸ್ಟಿಗಳು ಕಣ್ಣೊರೆಸಿಕೊಳ್ಳುತ್ತ ನನ್ನತ್ತ ಬಂದರು. ನಾನು ತಲೆ ತಗ್ಗಿಸಿ ನಿಂತೆ.

"ಟೀಚರ್‌ಜೀ, ಈ ಪೀರಿಯಡ್ ವಾರಕ್ಕೆ ಎರಡು ಇರಲಿ" ಎಂದರು ಹಿಂದಿಯಲ್ಲಿ. "ಗ್ರೀಕ್ ಭಾಷೆ ನನಗೆ ಒಂದಕ್ಷರ ಬರೋದಿಲ್ಲ. ಆದರೂ ಆ ಗಾಯಕನ ದನಿಯಲ್ಲಿ ಎಂಥಾ ವಿರಹ! ಪಾಪ, ಯಾರನ್ನೋ ಕರೀತಾನೇ ಇದ್ದ, ಅವಳು ಕೊನೆವರೆಗೂ ಉತ್ತರ ಕೊಡಲೇ ಇಲ್ಲ!"