ಮಾವನ ಪೈಲ್ವಾನರು

ನಮ್ಮ ಮಾವ ನೆಗಡಿಯಾದರೆ ಓಣಿಗೆಲ್ಲ ಹೇಳಿಕೊಂಡು ಬರುವ ಮನುಷ್ಯ. ಮಗಳ ಮದುವೆ ಗೊತ್ತಾದರೂ ಜನ ಇಷ್ಟು ಸಂಭ್ರಮಪಡುವುದಿಲ್ಲ! ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಬೇವೂರಿನಿಂದ ಇಳಕಲ್ಲಿನ ನಮ್ಮ ಮನೆಗೆ ಮನೆಯಳಿಯನಾಗಿ ಬಂದವರು. ಹರೆಯದಲ್ಲಿ ಗರಡಿಯಲ್ಲಿ ಕುಸ್ತಿ ಆಡಿದರು, ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು. ಈ ಎರಡೂ ವಿದ್ಯೆ ತಲೆಯೊಳಗೆ ಯಾವಾಗ ಕಲಸಿಕೊಂಡವೋ, ರಕ್ತದ ಬಿಳಿ ಕಣಗಳನ್ನು ಅವರು ‘ನಮ್ಮ ಪೈಲ್ವಾನರು’ ಎಂದೇ ಕರೆಯುತ್ತಾರೆ.

ಪೈಲ್ವಾನರಿಗೆ ಆಗಾಗ ಕುಸ್ತಿ ಬೇಡವೇ? ಅದಕ್ಕೆಂದೇ ಮಾವ ನೆಗಡಿಯವರನ್ನು ಹುಡುಕಿ ಪಕ್ಕದಲ್ಲಿ ಕೂರುತ್ತಿದ್ದರು. ಒಮ್ಮೆ ಬಾದಾಮಿಯಿಂದ ಗದಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವನು ಸೀನಲು ಮುಖ ಆಚೆ ತಿರುಗಿಸಿದ. “ಯಾಕ್ರಿ ತ್ರಾಸ ತಗೋತೀರಿ? ಈ ಕಡೆ ತಿರುಗಿ ಸೀನ್ರಿ, ನಮ್ಮವರು ಖಾಲಿ ಕುಂತಾರ” ಎಂದರು ಮಾವ. ಆ ಮನುಷ್ಯ ಚೊಳಚಗುಡ್ಡದಲ್ಲೇ ಇಳಿದುಬಿಟ್ಟ. ಅವನ ಟಿಕೆಟ್ಟು ಗದಗಿನವರೆಗೂ ಇತ್ತು.

ಜ್ವರ ಬಂದರಂತೂ ಮಂಚದ ಮೇಲಿಂದ ಕುಸ್ತಿಯ ವರದಿ. “ಈಗ ಗಂಟಲದಾಗ ಹಿಡದಾರ. ಮೈ ಬಿಸಿ ನಮ್ಮವರ ಮಾಡ್ಯಾರ, ವೈರಿಗೆ ಸೆಕಿ ತಡಕೊಳ್ಳಾಕ ಆಗಬಾರದು ಅಂತ.”

“ಗೆದ್ದವರಿಗೆ ಗಂಜಿ ಮಾಡೇನಿ, ಎದ್ದು ಬಂದು ಕುಡೀರಿ” ಎನ್ನುತ್ತಿದ್ದರು ಅಡುಗೆಮನೆಯಿಂದ ಅತ್ತೆ.

ಲಸಿಕೆ ಎಂದರೆ ಮಾವನ ಲೆಕ್ಕದಲ್ಲಿ ವೈರಿಯ ಫೋಟೋ. ಮೊದಲೇ ಮುಖ ನೋಡಿಟ್ಟುಕೊಂಡರೆ ಪೈಲ್ವಾನರು ಬಾಗಿಲಲ್ಲೇ ಗುರುತು ಹಿಡಿಯುತ್ತಾರೆ. ಲಸಿಕೆ ಹಾಕಿಸಿಕೊಂಡ ಮರುದಿನ ದವಾಖಾನೆಗೆ ತಕರಾರು ಒಯ್ದರು. “ತೋಳು ಬಾತಿಲ್ಲ, ಜ್ವರಾನೂ ಬಂದಿಲ್ಲ. ನಮ್ಮವರು ಫೋಟೋ ನೋಡ್ಯಾರೋ ಇಲ್ಲೋ?”

ನರ್ಸಮ್ಮ ತಲೆ ಎತ್ತಲಿಲ್ಲ. “ನೋಡಿ ಸುಮ್ಮನ ನೆನಪಿಟ್ಟಿರ್ತಾರ್ರಿ ಸರ. ಎಲ್ಲಾರೂ ನಿಮ್ಮಂಗ ಒದರೂದಿಲ್ಲ.”

ಹೀಗಿರುವಾಗ ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟವು. ಮನೆಯೆಲ್ಲ ಹೆದರಿತು. ಪರೀಕ್ಷೆ ಮಾಡಿದಾಗ ಮಾವನ ಕಿಡ್ನಿ ಹೊಂದುತ್ತದೆ ಎಂದಾಯಿತು. ಆದರೆ ಡಾಕ್ಟರು ಒಂದು ಮಾತು ಹೇಳಿದರು: “ಅಮ್ಮಾರ ಮೈ ನಿಮ್ಮ ಕಿಡ್ನಿನ ಹೊರಗಿಂದು ಅಂತ ತಿಳದು ಹೊಡಿಯಾಕ ಬರ್ತೈತ್ರಿ. ಅದಕ್ಕ ಅವರ ರೋಗ ತಡಿಯೋ ಶಕ್ತಿನ ಕಮ್ಮಿ ಮಾಡೋ ಗುಳಿಗಿ ಕಾಯಂ ತಗೋಬೇಕು.”

ಮಾವ ನಕ್ಕರು. “ಅವರ ಮನ್ಯಾಗ ನಾ ಹೊರಗಿನವ ಅನ್ನೂದು ಹೊಸಾದಲ್ಲ ಬಿಡ್ರಿ. ಅಕಿ ಅವ್ವ ಇರೂತನಕ ಹಬ್ಬದ ಊಟಕ್ಕ ನನಗ ಬ್ಯಾರೆ ಮಣಿ ಹಾಕ್ತಿದ್ರು, ಬೀಗರಿಗೆ ಹಾಕಿದಂಗ.”

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮಾವ ಮಾತ್ರ ಬೇರೆಯೇ ಮನುಷ್ಯ. ಪಡಸಾಲೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಮೂಗಿಗೆ ಮಾಸ್ಕು ಕಟ್ಟಿ, ಬಂದವರಿಗೆಲ್ಲ ಸಾಬೂನು ಕೊಡುತ್ತಾರೆ. ಮೊನ್ನೆ ನಾನು ಕೆಲಸದ ಊರಿನಿಂದ ಪೇರಲ ಹಣ್ಣು ಹಿಡಿದು ಬಂದವನು ಹೊಸ್ತಿಲಲ್ಲಿ ಒಂದು ಸಲ ಸೀನಿದೆ, ಅಷ್ಟೇ.

“ಅಲ್ಲೇ ನಿಂದ್ರು. ಹಿಂದಕ್ಕ ಸರಿ.”

“ಯಾಕ ಮಾವಾ, ಪೈಲ್ವಾನರು ಅಂಜಿದ್ರೇನು?”

ಮಾವ ಒಳಗೆ ಮಲಗಿದ್ದ ಅತ್ತೆಯ ಕಡೆ ನೋಡಿ ದನಿ ಇಳಿಸಿದರು. “ನನ್ನವರು ಗಟ್ಟಿ ಅದಾರ. ನಂದೊಂದು ತನ್ನೊಳಗ ಇರಲಿ ಅಂತ ಅಕಿ ತನ್ನವರನ್ನ ಮಲಗಿಸ್ಯಾಳ. ಅಕಿ ಬಾಗಲಾ ಇನ್ನ ನಾನ ಕಾಯಬೇಕಲ್ಲೋ.”

ನನಗೆ ದುಃಖ ಉಕ್ಕಿ ಬಂತು. ಕಣ್ಣು, ಮೂಗು ಎರಡೂ ಒರೆಸಿಕೊಂಡೆ. ಅದನ್ನೂ ನೆಗಡಿ ಎಂದೇ ತಿಳಿದ ಮಾವ ನನ್ನನ್ನು ಅಂಗಳದಾಚೆಗೆ ಕಳಿಸಿಬಿಟ್ಟರು.