ಯಾರನ್ನೂ ನಂಬದ ಜಾಕ್

ಏಳು ಸಮುದ್ರ ದಾಟಬೇಕಾಗಿಲ್ಲ, ಮೈಸೂರಿನ ರಿಂಗ್ ರೋಡ್ ದಾಟಿದರೆ ಸಾಕು, ಅಲ್ಲೊಂದು ಬೀದಿ. ಆ ಬೀದಿಯಲ್ಲೊಬ್ಬ ಯಂತ್ರಗಾರ ಇದ್ದನಂತೆ. ಅವನಿಗೊಬ್ಬಳು ಹೆಂಡತಿ. ಸೂರ್ಯ ಹುಟ್ಟಿದ ಅಂದರೂ ಕಿಟಕಿ ತೆಗೆದು ನೋಡಿಯೇ ನಂಬುವವಳಂತೆ. ಅವರ ಎದುರುಮನೆಗೆ ಒಂದು ದಿನ ಕೆಂಪು ಮೃಗವೊಂದು ಬಂತಂತೆ. ಅದಕ್ಕೆ ಹೊಟ್ಟೆನೋವು. ಹೊಟ್ಟೆ ನೋಡೋಣವೆಂದರೆ ಅದು ನೆಲಬಿಟ್ಟು ಮೇಲೇಳದಂತೆ!

ನಮ್ಮಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಬೆಳೆದ ನನಗೂ ಬೇರೆ ಥರ ಶುರು ಮಾಡಲು ಬರುವುದಿಲ್ಲ. 'ಅಂತೆ' ಮಾತ್ರ ಬೇಡ. ಯಾಕೆಂದರೆ ಇದೆಲ್ಲ ಹೋದ ಶನಿವಾರ ನನ್ನ ಕಣ್ಣೆದುರೇ ನಡೆದದ್ದು. ಯಂತ್ರಗಾರ ಅಂದರೆ ನನ್ನ ಸೋದರಮಾವ ಪಶುಪತಿ. ಹೆಂಡತಿ, ಸರ್ವಮಂಗಳತ್ತೆ. ಕೆಂಪು ಮೃಗ, ಎದುರುಮನೆ ದೇಚಮ್ಮ ಆಂಟಿಯ ಸ್ಪೋರ್ಟ್ಸ್ ಕಾರು. ನಾನು ಇಂಚರ. ಎಂ.ಎ. ಓದುವ ನೆಪದಲ್ಲಿ ಮಾವನ ಮನೆಯಲ್ಲಿದ್ದೇನೆ. ಮಾವನ ಯಂತ್ರಗಳಿಗೆ ಪ್ಲಗ್ ಹಾಕುವುದು, ಹೊಗೆ ಬಂದರೆ ಕೀಳುವುದು ನನ್ನ ಕೆಲಸ.

ದೇಚಮ್ಮ ಆಂಟಿ ಕೊಡಗಿನವರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು, ರಿಟೈರಾದ ತಿಂಗಳೇ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದವರು. ಭಾನುವಾರ ಬೆಳಿಗ್ಗೆ ಮಡಿಕೇರಿ ಹತ್ತಿರ ಬೆಟ್ಟದ ರಸ್ತೆಯಲ್ಲಿ ರೇಸು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹೆಸರು ಕೊಟ್ಟು, ಅಪ್ಪ ಬೇಡವೆಂದದ್ದಕ್ಕೆ ಬಿಟ್ಟಿದ್ದ ರೇಸು! ಈಗ ಬೇಡವೆನ್ನುವವರಿಲ್ಲ, ಆದರೆ ಎಂಜಿನ್ನಿನ ಅಡಿಯಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಶನಿವಾರ ರಾತ್ರಿ ಎಂಟು ಗಂಟೆಯೊಳಗೆ ಕಾರನ್ನು ಅಲ್ಲಿ ತೋರಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅಂದರೆ ಸಂಜೆ ಐದಕ್ಕೆ ಇಲ್ಲಿಂದ ಹೊರಡಬೇಕು.

"ಗ್ಯಾರೇಜಿಗೆ ಕೊಡಿ ಆಂಟಿ," ಅಂದೆ.

"ಹೋದ ಸಲ ಕೊಟ್ಟಿದ್ದೆ ಮಗಾ. ಸಿಕ್ಕಿದ ಜಾಗಕ್ಕೆ ಜಾಕ್ ಕೊಟ್ಟು ಅದರ ಪಕ್ಕೆಲುಬು ಬಗ್ಗಿಸಿ ಕಳ್ಸಿದ್ರು. ಇನ್ನು ನಾನೇ ಕೆಳಗೆ ಮಲಗಿ ರಿಪೇರಿ ಮಾಡ್ಕೊಳ್ಳೋದು. ಯಾರಾದ್ರೂ ಅದನ್ನ ನಾಲ್ಕು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿಕೊಟ್ರೆ ಸಾಕು."

ಮಾವನಿಗೆ ಅಷ್ಟೇ ಬೇಕಾಗಿತ್ತು!

"ಮಾತು ಕೊಟ್ಟೆ ಮೇಡಂ! ಶನಿವಾರ ನಾಲ್ಕರೊಳಗೆ ನಿಮ್ಮ ಕಾರು ಸ್ಟ್ಯಾಂಡ್ ಮೇಲೆ!"

"ಹಿಂದೆ ಕೊಟ್ಟ ಮಾತುಗಳೆಲ್ಲ ಏನಾದ್ವು?" ಎಂದು ಒಳಗಿನಿಂದ ಅತ್ತೆ ಕೇಳಿದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರು ನಮ್ಮ ಮನೆಯ ಮುಂದಿನ ಟೈಲ್ಸ್ ನೆಲದ ಮೇಲೆ ಬಂದು ನಿಂತಿತು. ಮಾವ ಹಳೇ ಬೆಡ್‌ಶೀಟೊಂದನ್ನು ಸರ್ರನೆ ಎಳೆದರು. ಕೆಳಗೊಂದು ಕಬ್ಬಿಣದ ಆಮೆ! ಚಪ್ಪಟೆ ಮೈ, ಮಡಚಿಕೊಂಡ ನಾಲ್ಕು ಕೈ, ಮುಂದೆ ಎರಡು ಗಾಜಿನ ಕಣ್ಣು. ಯಾರದೋ ಶಾಪಕ್ಕೆ ಸಿಕ್ಕ ರಾಜಕುಮಾರನಿರಬಹುದೇ ಎಂದು ನಾನು ನೋಡುತ್ತಿದ್ದೆ.

"ಶಂಕಾಹರಣ!" ಎಂದು ಮಾವ ಎದೆಯುಬ್ಬಿಸಿದರು. "ತಾನೇ ಕಾರಿನಡಿ ನುಗ್ಗಿ ಎತ್ತುತ್ತೆ, ತಾನೇ ಸ್ಟ್ಯಾಂಡ್ ಇಡುತ್ತೆ. ಆದರೆ ಎಲ್ಲಾ ಪರೀಕ್ಷೆ ಮಾಡದೆ ಕೂದಲೆಳೆಯಷ್ಟೂ ಮೇಲೆತ್ತಲ್ಲ. ಅನುಮಾನ ಪಡೋ ಜಾಕ್ ಪ್ರಪಂಚದಲ್ಲಿ ಇದೊಂದೇ!"

ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಜಾಕಿಗೆ ಅನುಮಾನ ಎಲ್ಲಿಂದ ಬಂತು?"

ಮಾವ ಕೆಮ್ಮಿದರು. ನಾನು ಪ್ಲಗ್ ಹಾಕಿದೆ. ಆಮೆ ಕಣ್ಣು ತೆರೆಯಿತು.

"ಯಾರದು? ಬೆಳಬೆಳಗ್ಗೆ ಏನ್ ಗುಂಪು ಇಲ್ಲಿ?"

ಅತ್ತೆಯ ಕೈಯಿಂದ ಅವರೆಕಾಯಿ ಜಾರಿತು. "ಇದು ನನ್ನ ಧ್ವನಿ!"

"ಮೂರು ತಿಂಗಳು ಗೋಡೆ ಗಡಿಯಾರದ ಹಿಂದೆ ಒಂದು ಸಣ್ಣ ಮೈಕ್ ಇಟ್ಟಿದ್ದೆ ಕಣೇ," ಎಂದರು ಮಾವ, ಒಂದು ಹೆಜ್ಜೆ ಹಿಂದೆ ಸರಿದು. "ನಿನ್ನಷ್ಟು ಅಚ್ಚುಕಟ್ಟಾಗಿ ಅನುಮಾನ ಪಡೋರು ಇಡೀ ಮೈಸೂರಲ್ಲಿ ಯಾರಿದ್ದಾರೆ ಹೇಳು! ಹಾಲಿನವನಿಗೆ ಕೇಳಿದ್ದು, ಸಿಲಿಂಡರ್‌ನವನಿಗೆ ಕೇಳಿದ್ದು, ನನಗೆ ಕೇಳಿದ್ದು, ಎಲ್ಲಾ ಸೇರಿ ಹನ್ನೊಂದು ಸಾವಿರದ ನಾನೂರು ಪ್ರಶ್ನೆ. ಅಷ್ಟನ್ನೂ ಅರೆದು ಕುಡಿದಿದೆ ಇದು!"

"ಗಡಿಯಾರದ ಹಿಂದೆ ಏನಿದೆ ಅಂತ ನಾನು ಆವತ್ತೇ ಕೇಳಿದ್ದೆ. ಹಲ್ಲಿ ಅಂದ್ರಿ!"

"ಆ ಪ್ರಶ್ನೆನೂ ಇದರಲ್ಲಿದೆ."

ಶಂಕಾಹರಣ ಕಾರಿನಡಿ ತೆವಳಿತು. ಮೊದಮೊದಲು ಎಷ್ಟು ಚೆನ್ನಾಗಿ ಕೇಳಿತು ಅಂತೀರಿ! ಹ್ಯಾಂಡ್‌ಬ್ರೇಕ್ ಎಳೆದಿದ್ದೀರಾ? ಗೇರಿನಲ್ಲಿದೆಯಾ? ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟಿದ್ದೀರಾ? ಬಾಗಿಲ ಕೆಳಗಿನ ತೆಳು ತಗಡು ಬಿಟ್ಟು ಗಟ್ಟಿ ಮೂಳೆಯನ್ನೇ ಹುಡುಕಿ ಕೈ ಕೊಟ್ಟಿತು. ದೇಚಮ್ಮ ಆಂಟಿ ಪಿ.ಟಿ. ಪೀರಿಯಡ್ಡಿನಲ್ಲಿ ಊದುವಂತೆ ಸೀಟಿ ಊದಿ, "ನಮ್ಮ ಗ್ಯಾರೇಜಿನವನಿಗಿಂತ ವಾಸಿ!" ಅಂದರು. ಕಾರು ಒಂದಿಂಚು ಮೇಲೆದ್ದಿತು.

ಆಮೇಲೆ ಅದು ಕೇಳಿತು: "ಗ್ಯಾಸ್ ಆಫ್ ಮಾಡಿದ್ದೀರಾ?"

"ಮಾಡಿದೆ," ಎಂದೆ ನಾನು.

"ನೋಡ್ಕೊಂಡು ಬಾ."

ಕಾರು ಮೆಲ್ಲಗೆ ಕೆಳಗಿಳಿಯಿತು. ನಾನು ಓಡಿಹೋಗಿ ನೋಡಿ ಬಂದೆ. ಕಾರು ಎರಡಿಂಚು ಮೇಲೆದ್ದಿತು.

"ಹಿತ್ತಲ ಬಾಗಿಲು ಹಾಕಿದ್ದೀರಾ?"

"ಹಾಕಿದೆ!" ಎಂದರು ಮಾವ.

"ಹೋದ ಸಲನೂ ಹೀಗೇ ಅಂದಿದ್ರಿ. ಬೀಗ ಮೂರು ಸಲ ಜಗ್ಗಿ ನೋಡಿದ್ರಾ?"

ಕಾರು ಮತ್ತೆ ಕೆಳಗೆ! ಬಸ್ ಸ್ಟ್ಯಾಂಡಿನ ತನಕ ಹೋಗಿ ಮನೆಗೆ ವಾಪಸ್ ಬರುವ ನಮ್ಮ ಅತ್ತೆಯಂತೆ ಆ ಕಾರು ಎದ್ದಿತು, ಕೂತಿತು, ಎದ್ದಿತು, ಕೂತಿತು. ಗೀಸರ್, ಮೋಟಾರು, ಇಸ್ತ್ರಿ ಪೆಟ್ಟಿಗೆ, ತಾರಸಿ ಮೇಲಿನ ಸಂಡಿಗೆ, ಎಲ್ಲವನ್ನೂ ನೋಡಿ ಬಂದೆ. ನಡುವೆ ಒಮ್ಮೆ, ತೀರಾ ಮೆಲ್ಲಗೆ, "ಕೆಳಗೇನಿದೆ?" ಅಂತಲೂ ಕೇಳಿತು. "ಕೆಳಗೆ ನೆಲ ಇರುತ್ತೆ, ಇನ್ನೇನಿರುತ್ತೆ!" ಎಂದು ಮಾವ ಗದರಿದರು. ಅಷ್ಟರಲ್ಲಿ ಹನ್ನೆರಡೂವರೆ.

ಊಟವಾದ ಮೇಲೆ ಅದಕ್ಕೆ ಸ್ಟ್ಯಾಂಡುಗಳ ಮೇಲೆ ಅನುಮಾನ ಬಂತು.

"ಈ ನಾಲ್ಕು ಎಲ್ಲಿ ತಗೊಂಡ್ರಿ? ಭಾರ ತಡೆಯುತ್ತೆ ಅಂತ ಅಂಗಡಿಯವನು ಹೇಳಿದ, ನೀವು ನಂಬಿಬಿಟ್ರಾ? ಮೊದಲು ನಾನು ನೋಡಬೇಕು."

"ನೋಡಲಿ ಬಿಡಿ, ಒಳ್ಳೇದೇ," ಎಂದರು ಮಾವ. ಆಮೆ ಕಾರಿನಡಿಯಿಂದ ಹೊರಬಂದು ಹಿತ್ತಲಿನ ಒರಳುಕಲ್ಲನ್ನು ಎತ್ತಿ ತಂದು ಸ್ಟ್ಯಾಂಡಿನ ಮೇಲಿಟ್ಟಿತು. ತಡೆಯಿತು. "ಕಲ್ಲು ಅಲ್ಲಾಡಲ್ಲ. ಅಲ್ಲಾಡೋದು ಬೇಕು," ಅಂದಿತು. ಸುತ್ತಲೂ ನೋಡಿತು. ಆ ಎರಡು ಗಾಜಿನ ಕಣ್ಣು ಎಲ್ಲಿ ನಿಂತವೋ ಅಲ್ಲಿಗೆ ನಮ್ಮ ಕಣ್ಣು ಹೋಗುವಷ್ಟರಲ್ಲಿ ಅತ್ತೆ ಕುರ್ಚಿ ಸಮೇತ ಗಾಳಿಯಲ್ಲಿದ್ದರು!

"ರೀ...!"

ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಸ್ಟ್ಯಾಂಡ್ ಬಂದವು.

"ಎಂಬತ್ತೊಂದು ಕಿಲೋ," ಎಂದು ಶಂಕಾಹರಣ ಬೀದಿಗೆಲ್ಲ ಕೇಳುವಂತೆ ಘೋಷಿಸಿತು.

"ಸುಳ್ಳು! ಅರವತ್ತೆಂಟು!"

"ಯಾವ ತಕ್ಕಡಿ ಹೇಳ್ತು? ಯಾವ ವರ್ಷ ಹೇಳ್ತು?"

ಕೇಳುವ ಧ್ವನಿಯೂ ಅತ್ತೆಯದೇ, ಉತ್ತರವಿಲ್ಲದೆ ಬಾಯಿ ಬಿಟ್ಟವರೂ ಅತ್ತೆಯೇ. ಆ ಮನೆಯಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಆಮೆ ಕುರ್ಚಿಯನ್ನು ಹಿಡಿದು ಗಡಗಡ ಅಲ್ಲಾಡಿಸಿತು. ಮೊರದ ಅವರೆಕಾಳೆಲ್ಲ ಅಕ್ಷತೆಯಂತೆ ನಮ್ಮ ತಲೆಯ ಮೇಲೆ ಬಿತ್ತು.

"ನಗ್ತಾ ಇದ್ದೀರಾ?" ಎಂದು ಅತ್ತೆ ಮೇಲಿನಿಂದ ಮಾವನನ್ನು ಕೇಳಿದರು.

"ಇಲ್ಲ ಕಣೇ! ಬರ್ಕೋತಾ ಇದ್ದೀನಿ!"

"ಏನಂತ?"

"...ಎಂಬತ್ತೊಂದು."

ನಾನು ಪ್ಲಗ್ ಕಿತ್ತೆ. "ನೀನು ಕೀಳ್ತೀಯಾ ಅಂತ ಗೊತ್ತಿತ್ತು. ಬ್ಯಾಟರಿ ತುಂಬಿಸ್ಕೊಂಡಿದ್ದೀನಿ," ಎಂದಿತು ಆಮೆ. ಅತ್ತೆಯನ್ನು ಇಳಿಸು ಎಂದರೆ, "ಇಳಿಯುವಾಗ ಜಾರಿದ್ರೆ? ಅಲ್ಲೇ ಇರಲಿ, ಕ್ಷೇಮ," ಎಂದು ಕುರ್ಚಿಗೆ ಕಾವಲು ನಿಂತಿತು. ಕಾರಿಗೆ ಇಡಬೇಕಾದ ಸ್ಟ್ಯಾಂಡುಗಳೆಲ್ಲ ಅತ್ತೆಯ ಕೆಳಗೆ. ಗಂಟೆ ಮೂರು.

ದೇಚಮ್ಮ ಆಂಟಿ ವಾಚ್ ನೋಡಿಕೊಂಡರು. ಇನ್ನೊಮ್ಮೆ ನೋಡಿಕೊಂಡರು. ಡಿಕ್ಕಿಯಿಂದ ತಮ್ಮ ಸಣ್ಣ ಜಾಕ್ ತೆಗೆದು, ಮುಂದಿನ ಚಕ್ರದ ಹಿಂದೆ ಕೊಟ್ಟು ತಿರುಗಿಸತೊಡಗಿದರು.

"ಬರೀ ಜಾಕ್ ನಂಬಿ ಕೆಳಗೆ ಹೋಗಬಾರದು ಮೇಡಂ!" ಎಂದರು ಮಾವ. ಈ ಸಲ ಅವರ ಧ್ವನಿಯಲ್ಲಿ ಜಂಬ ಇರಲಿಲ್ಲ.

"ಯಾರನ್ನೂ ನಂಬದೆ ಬೆಳಿಗ್ಗೆಯಿಂದ ಆಗಿದ್ದೇನು ಪಶುಪತಿಯವರೇ? ನಲವತ್ತು ವರ್ಷ ಕಾದಿದ್ದೀನಿ. ಐದು ನಿಮಿಷದ ಕೆಲಸ."

ಅವರು ಸ್ಪಾನರ್ ಹಿಡಿದು ಅಂಗಾತ ಮಲಗಿದರು. ತಲೆ ಕಾರಿನಡಿ ಹೋಯಿತು, ಭುಜ ಹೋಯಿತು. ಆಗ ಆಮೆ ಕೂಗಲಿಲ್ಲ. ತನ್ನಷ್ಟಕ್ಕೆ, ಮೆಲ್ಲಗೆ ಕೇಳಿತು.

"ಕೆಳಗೇನಿದೆ?"

ಅತ್ತೆಗೆ ಅದು ಕೇಳಿಸಿತು. ಒಂದು ಗಂಟೆಯಿಂದ ಇಳಿಯಲಾರೆನೆಂದು ಕೂಗುತ್ತಿದ್ದವರು ಎರಡಡಿ ಮೇಲಿನಿಂದ ಹುಡುಗಿಯಂತೆ ಧುಮುಕಿದರು! ದೇಚಮ್ಮ ಆಂಟಿಯ ಎರಡೂ ಕಾಲು ಹಿಡಿದು ಸರಕ್ಕನೆ ಎಳೆದರು. ಆಂಟಿಯ ತಲೆ ಹೊರಬಂತು. ಅದೇ ಹೊತ್ತಿಗೆ ಟೈಲ್ಸ್ ಟಕ್ಕೆಂದಿತು, ಜಾಕಿನ ಪಾದ ನೆಲದೊಳಕ್ಕೆ ಇಳಿಯಿತು, ಕಾರು ಧಡ್ಡೆಂದು ಕೂತಿತು.

ಒಡೆದ ಟೈಲ್ಸಿನ ಸಂದಿಯಲ್ಲಿ ಕಪ್ಪಗೆ ನೀರು ಹೊಳೆಯುತ್ತಿತ್ತು.

"ಸಂಪು," ಎಂದರು ಅತ್ತೆ ಏದುಸಿರು ಬಿಡುತ್ತಾ. "ರೀ, ನೀರಿನ ಸಂಪು ಎಲ್ಲಿ ಹೋಯ್ತು ಅಂತ ಹೋದ ವರ್ಷವೇ ಕೇಳಿದ್ದೆ!"

"ನೆಲ ಸಮ ಇರಲಿ ಅಂತ..." ಮಾವ ತಲೆ ತಗ್ಗಿಸಿದರು, "ಮುಚ್ಚಳದ ಮೇಲೂ ಟೈಲ್ಸ್ ಹಾಕಿಸಿದೆ. ಆಮೇಲೆ ಎಲ್ಲಿ ಅಂತ ಮರೆತೆ."

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?" ಎಂದೆ.

"ನಾನು ಜೋರಾಗಿ ಕೇಳೋದೆಲ್ಲ ಅಭ್ಯಾಸ ಕಣೇ. ನಿಜವಾಗಿ ಭಯ ಆದ್ರೆ ಧ್ವನಿ ಹೊರಡಲ್ಲ. ಅದು ಮೆಲ್ಲಗೆ ಕೇಳ್ತು."

ದೇಚಮ್ಮ ಆಂಟಿ ನೆಲದ ಮೇಲೆ ಕೂತು ಸೆರಗಿನಿಂದ ಕೈ ಒರೆಸಿಕೊಂಡರು. "ಇನ್ನು ರೇಸು ಬೇಡ ಬಿಡಿ."

"ಯಾಕೆ ಬೇಡ?" ಅತ್ತೆ ಸೆರಗು ಸಿಕ್ಕಿಸಿಕೊಂಡರು. "ಇನ್ನೂ ಮೂರೂಕಾಲು. ಇಂಚರಾ, ಒನಕೆ ತಾ!"

ಅತ್ತೆ ಗೇಟಿನ ಪಕ್ಕದ ಕಾಂಕ್ರೀಟನ್ನು ಅಂಗುಲ ಅಂಗುಲಕ್ಕೂ ಒನಕೆಯಿಂದ ಕುಟ್ಟಿ ಸದ್ದು ಕೇಳಿದರು. ನಾವು ಮೂವರೂ ಸೇರಿ ಕಾರನ್ನು ಅಲ್ಲಿಗೆ ತಳ್ಳಿದೆವು. ಹ್ಯಾಂಡ್‌ಬ್ರೇಕ್, ಗೇರು, ಕಲ್ಲು ಎಲ್ಲವೂ ಮತ್ತೆ ಆಯಿತು. ಅತ್ತೆ ಆಮೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ನಾನು ನೋಡಿದ್ದೀನಿ," ಅಂದರು.

"ನೀವೇ ನೋಡಿದ್ರಾ?"

"ನಾನೇ."

"ಹಾಗಾದ್ರೆ ಸರಿ."

ಗ್ಯಾಸ್ ಇಲ್ಲ, ಬೀಗ ಇಲ್ಲ, ಒಂದೇ ಉಸಿರಿಗೆ ಕಾರು ಮೇಲೆದ್ದಿತು! ನಾಲ್ಕು ಮೂಲೆಗೂ ಸ್ಟ್ಯಾಂಡ್ ಬಂದವು. ಇನ್ನು ಬೆರಳಿನಷ್ಟು ಇಳಿಸಿ ಅವುಗಳ ಮೇಲೆ ಕೂರಿಸಿದರೆ ಮುಗಿಯಿತು. ಶಂಕಾಹರಣ ಅಲ್ಲೇ ನಿಂತುಬಿಟ್ಟಿತು.

"ಕಾರಿನಡಿ ಯಾರೋ ಇದ್ದಾರೆ. ಹೊರಗೆ ಬರೋವರೆಗೂ ಇಳಿಸಲ್ಲ."

ನಾವು ಸಾಲಾಗಿ ನಿಂತೆವು. ದೇಚಮ್ಮ ಆಂಟಿ ಹಾಜರಿ ಕೂಗಿದರು. ನಾಲ್ವರೂ ಹಾಜರ್.

"ಹಾಗಾದ್ರೆ ಕೆಳಗಿರೋದು ಯಾರು?"

"ನೀನೇ!" ಎಂದು ಮಾವ ಚೀರಿದರು.

"ನೀವು ಹೇಳಿದ ತಕ್ಷಣ ನಂಬಿಬಿಡ್ಲಾ?"

ಮೂರೂ ಐವತ್ತು. ಅತ್ತೆ ಒಳಗೆ ಹೋಗಿ ಕುಂಕುಮ ಇಟ್ಟುಕೊಳ್ಳುವ ಕನ್ನಡಿ ತಂದು ಕಾರಿನಡಿ ಹಿಡಿದರು. ಗಾಜಿನ ಕಣ್ಣುಗಳು ಕನ್ನಡಿಯನ್ನು ಮೇಲಿಂದ ಕೆಳಗೆ ನೋಡಿದವು.

"ಇದ್ಯಾರು?"

"ಜಾಕು," ಎಂದರು ಅತ್ತೆ. "ಇಡೀ ಕಾರು ಈಗ ಇದೊಂದರ ಮೇಲೆ ನಿಂತಿದೆ."

"ಯಾರು ಮಾಡಿದ್ದು ಇದನ್ನ?"

ಅತ್ತೆ ಗಂಡನ ಹೆಸರು ಹೇಳುವವರಲ್ಲ. ಗಲ್ಲದಿಂದ ಮಾವನ ಕಡೆ ತೋರಿಸಿ, "ಇವರು," ಅಂದರು.

ಕಣ್ಣುಗಳು ಮಾವನ ಕಡೆ ತಿರುಗಿದವು. ಮಾವ ನಗಲು ಪ್ರಯತ್ನಿಸಿದರು. ಕಣ್ಣುಗಳು ಕನ್ನಡಿಗೆ ತಿರುಗಿದವು. ಮತ್ತೆ ಮಾವನ ಕಡೆ.

"ಇವರಾ?!"

ಅಷ್ಟೇ! ತಾಯಿ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಹುಷಾರಾಗಿ ಕಾರು ಇಳಿದು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತಿತು. ಆಮೆ ಕೈಕಾಲು ಮಡಚಿಕೊಂಡು, ತನ್ನಿಂದ ತಾನೇ ತಪ್ಪಿಸಿಕೊಳ್ಳುವವರಂತೆ ಹೊರಗೆ ತೆವಳಿ, ತಿರುಗಿ ಕೂಡ ನೋಡದೆ ಬೆಡ್‌ಶೀಟಿನಡಿ ಹೋಗಿ ಸೇರಿಕೊಂಡಿತು. ಅತ್ತೆ ಕಾರನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದರು. ಕಾರು ಮಿಸುಕಲಿಲ್ಲ. "ಈಗ ಹೋಗಿ," ಎಂದರು. ದೇಚಮ್ಮ ಆಂಟಿ ಸ್ಪಾನರ್ ಹಿಡಿದು ಕಾರಿನಡಿ ಸರಿದರು. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು.

"ಕೊಟ್ಟ ಮಾತು ಉಳಿಸಿಕೊಂಡೆ, ನೋಡಿದ್ಯಾ ಇಂಚರಾ?" ಎಂದರು ಮಾವ.

ನೋಡಿದೆ. ಶಂಕಾಹರಣ ಇಡೀ ದಿನದಲ್ಲಿ ಉತ್ತರಕ್ಕೂ ಕಾಯದೆ ತೀರ್ಮಾನಿಸಿದ್ದು ಮಾವನ ವಿಷಯ ಒಂದನ್ನೇ.