ಅತ್ತರೆ ತೂಗುವ ತೊಟ್ಟಿಲು

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ರೇಡಿಯೋ, ಟೇಪ್ ರಿಪೇರಿ ಅಂಗಡಿ. ಹತ್ತೂರಿನ ಟೇಪುಗಳಿಗೆ ಜೀವ ಕೊಟ್ಟವನಿಗೆ ಒಂದು ತೊಟ್ಟಿಲು ಯಾವ ಲೆಕ್ಕ ಎಂದುಕೊಂಡಿದ್ದೆ. ಬಾಣಂತನ ಮುಗಿಸಿದ ಹೆಂಡತಿ ಮಂಜುಳಾ ಐದು ತಿಂಗಳ ಮಗಳೊಂದಿಗೆ ಚಿಗಟೇರಿಯ ತವರಿನಿಂದ ಬರುವವಳಿದ್ದಳು. ಐದು ತಿಂಗಳು ಒಬ್ಬನೇ ಅನ್ನ ಸೀಯಿಸಿಕೊಂಡು ಉಂಡಿದ್ದೆ. ಅವರಿಬ್ಬರೂ ಬಂದು ಉಳಿದರೆ ಸಾಕಾಗಿತ್ತು. ಆದರೆ ಜೊತೆಗೆ ಅತ್ತೆ ಬರುತ್ತಿದ್ದರು. ‘ಅಲ್ಲಿ ಕೂಸು ನೋಡೋರು ಯಾರದಾರ?’ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಾನು ಸರ್ಕ್ಯೂಟ್ ಬರೆದೆ.

ವಿನ್ಯಾಸ ಸರಳ. ಮಗು ಅತ್ತರೆ ಮೈಕು ಕೇಳಿಸಿಕೊಳ್ಳಬೇಕು, ಟ್ರಾನ್ಸಿಸ್ಟರ್ ಕರೆಂಟ್ ಬಿಡಬೇಕು, ಗುಜರಿಯಲ್ಲಿ ಸಿಕ್ಕ ಸೊಲೆನಾಯ್ಡ್ ಎಂಬ ತಂತಿ ಸುತ್ತಿದ ಕಾಯಿಲ್ ತನ್ನ ಕಬ್ಬಿಣದ ಕಡ್ಡಿಯನ್ನು ಒಳಗೆಳೆದು ತೊಟ್ಟಿಲ ಹಗ್ಗ ಜಗ್ಗಬೇಕು. ಕರೆಂಟ್ ಹೋದರೆ? ಸ್ಕೂಟರ್ ಬ್ಯಾಟರಿ ಇಟ್ಟೆ. ಕಾಯಿಲ್‌ಗೆ ಅಡ್ಡಲಾಗಿ, ಕರೆಂಟ್ ಹಿಂದಕ್ಕೆ ಒದೆಯದಂತೆ, ಒಂದು ಡಯೋಡ್ ಹಾಕಬೇಕೆಂದು ಪುಸ್ತಕ ಹೇಳುತ್ತಿತ್ತು. ಪುಸ್ತಕ ಬರೆದವರಿಗಿಂತ ನಾನೇನು ಕಡಿಮೆ? ಬಿಟ್ಟೆ! ಖಾಲಿ ಮನೆಯಲ್ಲಿ ನಾನೇ ಮಗುವಿನಂತೆ ಅತ್ತು ಪರೀಕ್ಷಿಸಿದೆ. ತೂಗಿತು. ಎರಡನೆಯ ಸಲ ಅಳದಿದ್ದರೂ ತೂಗಿತು. ಅದನ್ನು ಉತ್ಸಾಹವೆಂದು ತಿಳಿದು, ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ನಡೆದೆ.

ಮೂವರನ್ನೂ ಕರೆತಂದು ಬಾಗಿಲು ತೆಗೆದೆ. ಒಳಗೆ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಮಟಮಟ ಮಧ್ಯಾಹ್ನ. ಗಾಳಿಯಿಲ್ಲ, ಜನವಿಲ್ಲ. ನಡುಮನೆಯ ಮಬ್ಬಿನಲ್ಲಿ ಬರಿದಾದ ತೊಟ್ಟಿಲು ತೂಗುತ್ತಿತ್ತು. ಯಾರೋ ಈಗಷ್ಟೇ ಕೂಸು ಮಲಗಿಸಿ ಪಕ್ಕಕ್ಕೆ ಸರಿದು ನಿಂತ ಹಾಗಿತ್ತು. ಕಟ್ಟಿದವನು ನಾನೇ, ಆದರೂ ಹೊಸ್ತಿಲು ದಾಟಲು ನನ್ನ ಕಾಲು ಒಪ್ಪಲಿಲ್ಲ. ಮಂಜುಳಾಳ ತೋಳಿನಲ್ಲಿದ್ದ ಮಗಳು ತೊಟ್ಟಿಲಾಚೆಯ ಮೂಲೆಯನ್ನು ನೋಡಿ ನಕ್ಕಳು.

‘ಒಳಗ ಯಾರದಾರ?’ ಅತ್ತೆಯ ದನಿ ಇಳಿದಿತ್ತು.

‘ಯಾರೂ ಇಲ್ರಿ ಅತ್ತಿ. ಡಯೋಡ್ ಹಾಕಿಲ್ಲ, ಅಷ್ಟ.’

‘ಬರಿ ತೊಟ್ಲ ತೂಗಬಾರ್ದು, ಕೂಸಿಗೆ ಕೇಡು. ಮೊದ್ಲ ನಿಲ್ಲಸ್ರಿ.’

ಸ್ವಿಚ್ ಆರಿಸಿದೆ. ಟಕ್! ನನ್ನ ಬ್ಯಾಟರಿ ನಿಷ್ಠೆಯಿಂದ ದುಡಿಯುತ್ತಿತ್ತು. ಡಯೋಡ್ ಇಲ್ಲದ ಕಾಯಿಲ್ ಪ್ರತಿ ಸಲ ಕೈಬಿಡುವಾಗ ಹಿಂದಕ್ಕೆ ಒದೆಯುತ್ತದೆ, ಆ ಒದೆತವನ್ನೇ ಸರ್ಕ್ಯೂಟು ಮಗುವಿನ ಅಳುವೆಂದು ನಂಬಿ ಮತ್ತೆ ಜಗ್ಗುತ್ತದೆ ಎಂದು ಸವಿವರವಾಗಿ ನಿವೇದಿಸಿದೆ. ಯಾರೂ ಕೇಳಲಿಲ್ಲ. ತಂತಿ ಕಿತ್ತೆ. ಕಿತ್ತ ಮೇಲೂ ತೊಟ್ಟಿಲು ಬಹಳ ಹೊತ್ತು ತೂಗಿತು.

ಅತ್ತೆ ಅಡುಗೆಮನೆಯಿಂದ ಗುಂಡುಕಲ್ಲು ತಂದು, ಬಟ್ಟೆ ಸುತ್ತಿ ತೊಟ್ಟಿಲಿಗಿಟ್ಟರು. ಹೆಸರಿಡುವ ದಿನ ಕೂಸಿಗಿಂತ ಮೊದಲು ಕಲ್ಲು ತೂಗುವುದು ನಮ್ಮಲ್ಲಿ ಪದ್ಧತಿ.

‘ಬರಿದು ತೂಗಿದ ದೋಷ ಹೋಗ್ಬೇಕು. ನಾ ಸಾಕು ಅನ್ನೋ ತನಕ ಇದನ್ನ ತೂಗ್ರಿ ಅಳಿಯಂದ್ರ. ಕೈಲಿ.’

ತೂಗಿದೆ. ಅತ್ತೆ ಊರಿಗೆ ವಾಪಸ್ ಹೊರಡಲು ಚೀಲ ಎತ್ತಿಕೊಂಡರು. ಮಂಜುಳಾ ಬಾಗಿಲಲ್ಲೇ ನಿಂತಿದ್ದಳು.

‘ನೀನರ ಇರು’ ಎಂದೆ.

‘ನಂಗೂ ಅಂಜಿಕಿ ಆಗೈತ್ರಿ. ಅಮಾಸಿ ಕಳೀಲಿ, ಬರ್ತೀನಿ.’

ನಾಲ್ಕರ ಬಸ್ಸಿಗೆ ಮೂವರೂ ಚಿಗಟೇರಿಗೆ ವಾಪಸಾದರು. ಮಗಳನ್ನು ಒಮ್ಮೆ ಎತ್ತಿಕೊಳ್ಳಲೂ ಆಗಲಿಲ್ಲವೆಂದು ನನಗೆ ಅಳು ಬಂತು. ಆದರೂ ಕಲ್ಲು ತೂಗುತ್ತಲೇ ಕುಳಿತಿದ್ದೆ. ಸಾಕು ಎನ್ನಬೇಕಾದವರು ಹೊರಟುಹೋಗಿದ್ದರು.